ಕುದುರೆಯ ಕಷ್ಟವೆಲ್ಲ ಕಾಲಲ್ಲಿ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅವತ್ತು ಜಿಗುಟು ಮಣ್ಣು ತಂದು, ನಾದಿ, ಜೋಡೆತ್ತು ಮಾಡಿ ಪೂಜೆಗೆ ಇಡುತ್ತಾರೆ. ಐದು ವರ್ಷದ ಮಗು ಮಾಡಿದ ಎತ್ತೂ ನಿಲ್ಲುತ್ತದೆ. ಅದರ ಕಾಲು ಹೆಬ್ಬೆರಳಿನಷ್ಟು ದಪ್ಪ, ಹೆಬ್ಬೆರಳಿಗಿಂತ ಗಿಡ್ಡ. ಬೀಳುವುದಕ್ಕೆ ಜಾಗವೇ ಇಲ್ಲ. ಅದೇ ಮಣ್ಣಲ್ಲಿ ಒಂದು ಕುದುರೆ ಮಾಡಿ ನೋಡಿ. ಕಾಲು ದಪ್ಪ ಮಾಡಿದರೆ ಅದು ಕತ್ತೆಯೋ ಎಮ್ಮೆಯೋ ಆಗಿಬಿಡುತ್ತದೆ. ನಿಜವಾದ ಕುದುರೆಯ ಹಾಗೆ ಸಣ್ಣ ಮಾಡಿದರೆ ಐದೇ ನಿಮಿಷ, ಮುಂಗಾಲು ಮಡಚಿ ಮೂತಿ ನೆಲಕ್ಕೆ ತಾಗಿರುತ್ತದೆ.

ಕುದುರೆ ಅಂದರೆ ನಾಲ್ಕು ಕಡ್ಡಿಗಳ ಮೇಲೆ ಇಟ್ಟ ಒಂದು ಪೀಪಾಯಿ. ಬದುಕಿರುವ ಕುದುರೆಗೆ ಅದು ವರ, ಅದಕ್ಕೇ ಅಷ್ಟು ಜೋರಾಗಿ ಓಡುತ್ತದೆ. ಕುದುರೆಯ ಮಾದರಿ ಮಾಡುವವರಿಗೆ ಅದೇ ತಲೆನೋವು. ಜೇಡಿಯಲ್ಲಿ ರೂಪ ಕೊಡುವಾಗ, ರಬ್ಬರಿನ ಅಚ್ಚು ತೆಗೆಯುವಾಗ, ಅದರೊಳಗೆ ರೆಸಿನ್ ಎಂಬ, ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ ಹೊಯ್ಯುವಾಗ, ಕೊನೆಗೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸುವಾಗ, ಎಲ್ಲಿ ಕೈಕೊಟ್ಟರೂ ಕೈಕೊಡುವುದು ಕಾಲೇ.

ಯಾರು ಮಾಡುತ್ತಾರೆ ಇದನ್ನೆಲ್ಲ ಅಂತ ಕೇಳಬಹುದು. ಇದು ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದ ಹವ್ಯಾಸ. ಶಿಕಾಗೋದ ಬ್ರೇಯರ್ ಮೋಲ್ಡಿಂಗ್ ಎಂಬ ಪ್ಲಾಸ್ಟಿಕ್ ಕಂಪನಿ 1950ರಲ್ಲಿ ಒಂದು ಗಡಿಯಾರದ ಪಕ್ಕ ನಿಲ್ಲಿಸಲು ಕುದುರೆಯೊಂದನ್ನು ಮಾಡಿಕೊಟ್ಟಿತು. ಜನ ಗಡಿಯಾರಕ್ಕಿಂತ ಕುದುರೆಯನ್ನೇ ಜಾಸ್ತಿ ಕೇಳಿದರು. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1990ರಿಂದ ಬ್ರೇಯರ್‌ಫೆಸ್ಟ್ ಅಂತ ಜಾತ್ರೆಯೇ ನಡೆಯುತ್ತದೆ. ಮಾದರಿ ಕುದುರೆಗಳಿಗೆ ಪ್ರದರ್ಶನ, ತೀರ್ಪುಗಾರರು, ಬಹುಮಾನ ಎಲ್ಲ ಉಂಟು. ತೀರ್ಪುಗಾರರು ಬಣ್ಣ ನೋಡಿ ಮಾರು ಹೋಗುವವರಲ್ಲ. ಈ ತಳಿಯ ಕುದುರೆಗೆ ಕತ್ತು ಹೀಗೆ ಇರುತ್ತದಾ, ಈ ನಡಿಗೆಯಲ್ಲಿ ಹಿಂಗಾಲು ಇಲ್ಲಿ ಇರಬೇಕಾ ಅಂತ ನೋಡುತ್ತಾರೆ.

ಬ್ರೇಯರ್ ಕುದುರೆಗಳು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನವು, ಲೋಹದ ಅಚ್ಚಿನಿಂದ ಬರುತ್ತವೆ. ಲೋಹದ ಅಚ್ಚು ಮಾಡಿಸುವುದು ಭಾರೀ ಖರ್ಚಿನ ಬಾಬತ್ತು. ಸಾವಿರ ಸಾವಿರ ಕುದುರೆ ಮಾರಿದರೆ ಮಾತ್ರ ಗಿಟ್ಟುತ್ತದೆ. ಮನೆಯ ಮೂಲೆಯಲ್ಲಿ ಕೂತು ಒಬ್ಬರೇ ಕೆತ್ತುವ ಕಲಾವಿದರಿಗೆ ಅದು ಆಗುವ ಮಾತಲ್ಲ. ಅವರಿಗೆ ದಾರಿ ಮಾಡಿಕೊಟ್ಟಿದ್ದು ಸಿಲಿಕೋನ್ ರಬ್ಬರಿನ ಅಚ್ಚು ಮತ್ತು ಪಾಲಿಯುರೆಥೇನ್ ರೆಸಿನ್. ರಬ್ಬರಿನ ಅಚ್ಚು ಹತ್ತಾರು ಎರಕಗಳಿಗೆಲ್ಲ ಸವೆದು ಹರಿಯುತ್ತದೆ. ಆದರೆ ಅಡುಗೆಮನೆಯ ಮೇಜಿನಷ್ಟು ಜಾಗದಲ್ಲಿ ಮಾಡಬಹುದು. ರೆಸಿನ್ ಕುದುರೆಗಳು ಕಡಿಮೆ ಸಂಖ್ಯೆಯಲ್ಲಿ ಬರುವುದಕ್ಕೂ ಬೆಲೆ ಜಾಸ್ತಿ ಇರುವುದಕ್ಕೂ ಇದು ಒಂದು ಕಾರಣ.

ಮೊದಲು ಎಲುಬು, ಆಮೇಲೆ ಜೇಡಿ

ಜೇಡಿ ಮುಟ್ಟುವ ಮೊದಲು ಅಳತೆ. ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ದೊಡ್ಡ ಅಳತೆ ಒಂಬತ್ತಕ್ಕೆ ಒಂದು, ಅಂದರೆ ನಿಜ ಕುದುರೆಯ ಒಂಬತ್ತನೇ ಒಂದು ಭಾಗ. ಚಿಕ್ಕದು ಮೂವತ್ತೆರಡಕ್ಕೆ ಒಂದು. ಕುದುರೆಯ ಎತ್ತರವನ್ನು ಹೆಗಲಿನ ಮೇಲಿನ ದಿಬ್ಬದವರೆಗೆ, 'ಹ್ಯಾಂಡ್' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಅಂಗುಲ. ರೇಸ್ ಕುದುರೆ ಸಾಮಾನ್ಯವಾಗಿ 16 ಹ್ಯಾಂಡ್ ಆಸುಪಾಸು, ಸುಮಾರು 163 ಸೆಂಟಿಮೀಟರ್. ಒಂಬತ್ತರಿಂದ ಭಾಗಿಸಿದರೆ 18 ಸೆಂಟಿಮೀಟರ್. ಅಂಥ ಕುದುರೆಯ ಮುಂಗಾಲಿನ ಕೆಳಭಾಗದ ಸುತ್ತಳತೆ 20 ಸೆಂಟಿಮೀಟರ್ ಇದ್ದರೆ, ಮಾದರಿಯಲ್ಲಿ ಅದರ ದಪ್ಪ ಸುಮಾರು 7 ಮಿಲಿಮೀಟರ್, ಒಂದು ಪೆನ್ಸಿಲ್‌ನಷ್ಟು. ಚಿಕ್ಕ ಅಳತೆಯಲ್ಲಿ 2 ಮಿಲಿಮೀಟರ್, ಬೆಂಕಿಕಡ್ಡಿಯಷ್ಟು. ಬೆಂಕಿಕಡ್ಡಿಯಲ್ಲಿ ಎಲುಬು, ಹುರಿ, ಕೀಲು ಎಲ್ಲ ಕಾಣಿಸಬೇಕು.

ಹೊಸಬರು ಮಾಡುವ ಮೊದಲ ತಪ್ಪು ಕಾಲಿನ ಕೀಲುಗಳದ್ದು. ಕುದುರೆಯ ಮುಂಗಾಲಿನ ಮಧ್ಯೆ ಕಾಣುವ ಗಂಟನ್ನು ನಾವು ಮಂಡಿ ಅನ್ನುತ್ತೇವೆ. ಅದು ಮಂಡಿಯೇ ಅಲ್ಲ, ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುತ್ತದಲ್ಲ, ಅದು ಹಿಮ್ಮಡಿ. ಕುದುರೆಯ ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲಿ, ತೊಡೆಯ ಮುಂದೆ, ಚರ್ಮದೊಳಗೆ ಅಡಗಿ ಕೂತಿರುತ್ತದೆ. ಒಮ್ಮೆ ನಿಮ್ಮ ಕೈಯನ್ನು ಮೇಜಿನ ಮೇಲೆ ಇಟ್ಟು, ಅಂಗೈಯನ್ನು ಮೇಜಿನಿಂದ ಮೇಲಕ್ಕೆ ಎತ್ತಿ, ನಡುಬೆರಳಿನ ಉಗುರು ಮಾತ್ರ ತಾಗುವ ಹಾಗೆ ನಿಲ್ಲಿಸಿ. ಕುದುರೆ ನಿಂತಿರುವುದು ಹಾಗೆ. ಗೊರಸು ಅಂದರೆ ಆ ಒಂದು ಬೆರಳಿನ ಉಗುರು. ಅದರ ಮೇಲಿನ ಓರೆಯಾದ ಭಾಗ ಬೆರಳು. ಅದರ ಮೇಲಿನ ಗೆಣ್ಣು ನಮ್ಮ ಮುಷ್ಟಿ ಕಟ್ಟಿದಾಗ ಎದ್ದು ಕಾಣುವ ಗೆಣ್ಣು. ಅಲ್ಲಿಂದ 'ಮಂಡಿ'ವರೆಗಿನ ನೇರ ಕಂಬ ಅಂಗೈಯ ಒಂದೇ ಒಂದು ಎಲುಬು. ಇದು ಒಂದು ಸಲ ಮನಸ್ಸಿಗೆ ಹತ್ತಿದರೆ ಯಾವ ಕೀಲು ಯಾವ ಕಡೆ ಮಡಚುತ್ತದೆ ಅಂತ ಬಾಯಿಪಾಠ ಮಾಡಬೇಕಾಗಿಲ್ಲ.

ಈ 'ಮಂಡಿ'ಯಿಂದ ಕೆಳಗೆ ಮಾಂಸಖಂಡ ಅಂತ ಹೇಳುವಂಥದ್ದು ಇಲ್ಲ. ಎಲುಬು, ಅದರ ಹಿಂದೆ ಹಗ್ಗದಂಥ ಗಟ್ಟಿ ಹುರಿಗಳು, ಮೇಲೆ ಚರ್ಮ, ಅಷ್ಟೇ. ಹಾಗಾಗಿ ಪಕ್ಕದಿಂದ ನೋಡಿದರೆ ಕಾಲಿನಲ್ಲಿ ಎರಡು ಗೆರೆ ಕಾಣಬೇಕು. ಮುಂದೆ ಎಲುಬು, ಹಿಂದೆ ಹುರಿ, ನಡುವೆ ಸಣ್ಣ ತಗ್ಗು. ಆ ತಗ್ಗು ಇಲ್ಲದ ಕಾಲು ಕುರ್ಚಿಯ ಕಾಲಿನ ಹಾಗೆ ಉರುಟಾಗಿ ಕಾಣುತ್ತದೆ. ಗೊಂಬೆಗೂ ಮಾದರಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ಆ ಒಂದು ತಗ್ಗು.

ಹಿಂಗಾಲಿನಲ್ಲಿ ಇನ್ನೊಂದು ಕಟ್ಟುಪಾಡಿದೆ. ಒಳಗಿನ ಹುರಿಗಳ ಜೋಡಣೆಯಿಂದಾಗಿ ನಿಜವಾದ ಮಂಡಿಯೂ ಹಿಮ್ಮಡಿಯೂ ಒಟ್ಟಿಗೇ ಮಡಚುತ್ತವೆ, ಒಟ್ಟಿಗೇ ನೀಳವಾಗುತ್ತವೆ. ಮಂಡಿ ನೇರ ಇಟ್ಟು ಹಿಮ್ಮಡಿ ಮಾತ್ರ ಮಡಚಿದ ಕುದುರೆ ಲೋಕದಲ್ಲಿ ಇಲ್ಲ. ಮಾದರಿಗಳಲ್ಲಿ ಮಾತ್ರ ಬೇಕಾದಷ್ಟಿವೆ!

ಮುಂಗಾಲಿನ ಗುಟ್ಟು ಬೇರೆ. ಕುದುರೆಗೆ ನಮ್ಮ ಹಾಗೆ ಕೊರಳೆಲುಬು ಇಲ್ಲ. ಮುಂಗಾಲು ಮೈಗೆ ಎಲುಬಿನಿಂದ ಸೇರಿಲ್ಲ, ಬರೀ ಮಾಂಸಖಂಡಗಳ ಜೋಲಿಯಲ್ಲಿ ಎದೆಯ ಪೆಟ್ಟಿಗೆ ತೂಗುತ್ತಿರುತ್ತದೆ. ಅದಕ್ಕೇ ಕಾಲು ಮುಂದೆ ಹೋದರೆ ಹೆಗಲೆಲುಬೂ ಜಾರುತ್ತದೆ. ಮೇಲಿನ ತುದಿ ಹಿಂದಕ್ಕೆ, ಕೆಳಗಿನ ತುದಿ ಮುಂದಕ್ಕೆ. ಎರಡೂ ಹೆಗಲನ್ನು ಒಂದೇ ಥರ ಮಾಡಿ ಕಾಲು ಮಾತ್ರ ಹಿಂದೆ ಮುಂದೆ ಮಾಡಿದರೆ ಕೀಲಿಕೊಟ್ಟು ಬಿಡುವ ಆಟಿಕೆಯ ಹಾಗೆ ಕಾಣುತ್ತದೆ.

ಇದನ್ನೆಲ್ಲ ಕಲಿಯಲು ಇಂಗ್ಲಿಷ್ ಚಿತ್ರಕಾರ ಜಾರ್ಜ್ ಸ್ಟಬ್ಸ್ ಪಟ್ಟ ಪಾಡು ಕೇಳಿದರೆ ಮೂಗು ಮುಚ್ಚಿಕೊಳ್ಳಬೇಕು. 1756ರಿಂದ ಹದಿನೆಂಟು ತಿಂಗಳು ಲಿಂಕನ್‌ಶೈರ್‌ನ ಹಳ್ಳಿಮನೆಯೊಂದರಲ್ಲಿ ಸತ್ತ ಕುದುರೆಗಳನ್ನು ತೂಗುಹಾಕಿ, ಒಂದೊಂದೇ ಪದರ ಬಿಡಿಸುತ್ತಾ ಚಿತ್ರ ಬರೆದ. ಅದು 1766ರಲ್ಲಿ ಪುಸ್ತಕವಾಯಿತು. ಇವತ್ತಿಗೂ ಕುದುರೆ ಕೆತ್ತುವವರು ಆ ಚಿತ್ರಗಳನ್ನು ಎದುರಿಗೆ ಇಟ್ಟುಕೊಳ್ಳುತ್ತಾರೆ.

ಉಳಿದ ಅಳತೆಗೆ ಕುದುರೆಯ ತಲೆಯೇ ಮಾಪು. ಒಂದು ತಲೆಯ ಉದ್ದವನ್ನು ದಾರದಲ್ಲಿ ಹಿಡಿದರೆ, ಎತ್ತರವೂ ಎದೆಯಿಂದ ಪೃಷ್ಠದವರೆಗಿನ ಉದ್ದವೂ ಸುಮಾರು ಎರಡೂವರೆ ದಾರ ಬರುತ್ತದೆ. ಬೆನ್ನಿನಿಂದ ಎದೆಯ ತಳಕ್ಕೆ ಎಷ್ಟಿದೆಯೋ, ಅಲ್ಲಿಂದ ನೆಲಕ್ಕೆ ಹೆಚ್ಚುಕಡಿಮೆ ಅಷ್ಟೇ, ಒಂಚೂರು ಜಾಸ್ತಿ. ತಳಿಯಿಂದ ತಳಿಗೆ ಇದು ಬದಲಾಗುತ್ತದೆ. ಮರಿಯಲ್ಲಂತೂ ಕಾಲು ಆಗಲೇ ದೊಡ್ಡ ಕುದುರೆಯ ಕಾಲಿನ ಉದ್ದದ ಹತ್ತಿರ ಇದ್ದು, ಮೈ ಮಾತ್ರ ಪುಟ್ಟದಿರುತ್ತದೆ.

ಫೋಟೋ ನೋಡಿ ಅಳೆಯುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಮೊಬೈಲ್ ಹಿಡಿದು ಕುದುರೆಯ ಮುಂದೆಯೇ ನಿಂತು ತೆಗೆದರೆ ತಲೆ ದೊಡ್ಡದಾಗಿ, ಹಿಂಭಾಗ ಚಿಕ್ಕದಾಗಿ ಬರುತ್ತದೆ. ದೂರ ನಿಂತು, ಕುದುರೆಯ ಮಧ್ಯಭಾಗಕ್ಕೆ ನೇರವಾಗಿ, ಜೂಮ್ ಮಾಡಿ ತೆಗೆಯಬೇಕು. ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನು ದಸರಾ ಸಮಯದಲ್ಲಿ ನೋಡುವವರಿಗೆ ನನ್ನದೊಂದು ಸಲಹೆ: ಎಲ್ಲರೂ ಪಕ್ಕದಿಂದ ನೋಡುತ್ತಾರೆ, ನೀವು ಯಾವುದಾದರೂ ಮಹಡಿ ಹತ್ತಿ ಮೇಲಿನಿಂದ ನೋಡಿ. ಕತ್ತು ಎಷ್ಟು ತೆಳು, ಹೊಟ್ಟೆ ಎಷ್ಟು ಅಗಲ ಅನ್ನುವುದು ಆಗ ಗೊತ್ತಾಗುತ್ತದೆ. ಪಕ್ಕದಿಂದ ಚೆಂದ ಕಾಣುವ ಎಷ್ಟೋ ಜೇಡಿ ಕುದುರೆಗಳು ಮೇಲಿನಿಂದ ನೋಡಿದರೆ ಬ್ರೆಡ್ಡಿನ ಚೂರಿನ ಹಾಗೆ ಚಪ್ಪಟೆ.

ನಾಲ್ಕು ಕಾಲು ಎಲ್ಲೆಲ್ಲಿ

ನಿಂತ ಕುದುರೆ ಯಾರಿಗೂ ಅಷ್ಟು ಇಷ್ಟವಿಲ್ಲ. ಓಡುವ ಕುದುರೆ ಬೇಕು. ಇಲ್ಲಿ ಕಣ್ಣನ್ನು ನಂಬಬಾರದು. ಬಹುಕಾಲ ಯುರೋಪಿನ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಹಾರಿಸಿದರು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾ ಇಟ್ಟು, ಓಡುವ ಕುದುರೆಯ ಒಂದೊಂದು ಕ್ಷಣವನ್ನೂ ಹಿಡಿದ. ಕುದುರೆ ನಾಲ್ಕೂ ಕಾಲು ನೆಲಬಿಡುವುದು ನಿಜವೇ. ಆದರೆ ಚಾಚಿದಾಗ ಅಲ್ಲ, ನಾಲ್ಕನ್ನೂ ಹೊಟ್ಟೆಯ ಕೆಳಗೆ ಒಟ್ಟುಗೂಡಿಸಿಕೊಂಡಾಗ.

ನಡಿಗೆಯಲ್ಲಿ ಗೊರಸಿನ ಸದ್ದು ನಾಲ್ಕು. ಟ್ರಾಟ್ ಎಂಬ ನಿಧಾನದ ಓಟದಲ್ಲಿ ಎರಡು, ಎಡ ಮುಂಗಾಲು ಬಲ ಹಿಂಗಾಲಿನ ಜೊತೆ, ಬಲ ಮುಂಗಾಲು ಎಡ ಹಿಂಗಾಲಿನ ಜೊತೆ. ಅದಕ್ಕಿಂತ ಜೋರಾದ ಕ್ಯಾಂಟರ್‌ನಲ್ಲಿ ಮೂರು. ನಾಗಾಲೋಟದಲ್ಲಿ ಮತ್ತೆ ನಾಲ್ಕು. ಕೆತ್ತುವವರು ಈ ಸದ್ದಿನ ನಡುವೆ ಒಂದು ಕ್ಷಣ ಆರಿಸಿಕೊಳ್ಳಬೇಕು, ಆ ಕ್ಷಣದಲ್ಲಿ ಮಾದರಿ ಮೇಜಿನ ಮೇಲೆ ತಾನಾಗಿ ನಿಲ್ಲಲೂ ಬೇಕು. ಟ್ರಾಟ್‌ನಲ್ಲಿ ಕರ್ಣದ ಎರಡು ಕಾಲು ನೆಲದ ಮೇಲಿರುತ್ತವೆ. ಹೊಟ್ಟೆಯ ಮಧ್ಯದಿಂದ ತೂಕದ ದಾರ ಬಿಟ್ಟರೆ ಅದು ಆ ಎರಡು ಗೊರಸುಗಳ ನಡುವಿನ ಗೆರೆಯ ಮೇಲೆಯೇ ಬೀಳಬೇಕು. ಒಂದು ಕಡೆ ಒಂಚೂರು ಸರಿದರೂ ಕುದುರೆ ಬಿತ್ತು. ಮೂರನೆಯ ಗೊರಸಿನ ತುದಿ ನೆಲಕ್ಕೆ ತಾಗಿಸಿಯೋ ಪೀಠಕ್ಕೆ ಕಂಬಿ ಕೊಟ್ಟೋ ಇದನ್ನು ತಪ್ಪಿಸಿಕೊಳ್ಳುತ್ತಾರೆ.

ಮ್ಯಾಡ್ರಿಡ್‌ನಲ್ಲಿ 1640ರ ಒಂದು ಕಂಚಿನ ಕುದುರೆ ಇದೆ, ದೊರೆ ನಾಲ್ಕನೇ ಫಿಲಿಪ್‌ನನ್ನು ಹೊತ್ತು ಎರಡೇ ಕಾಲಿನ ಮೇಲೆ ಎದ್ದು ನಿಂತದ್ದು. ಅದಕ್ಕೆ ಬಾಲವೇ ಮೂರನೇ ಕಾಲು. ನಮ್ಮ ಹಳೇಬೀಡಿನ ಗೋಡೆಯ ಪಟ್ಟಿಯಲ್ಲಿ ಸಾಲಾಗಿ ಓಡುವ ಕುದುರೆಗಳಿಗೆ ಈ ಚಿಂತೆ ಇಲ್ಲ. ಬೆನ್ನಿಗೆ ಕಲ್ಲಿನ ಗೋಡೆಯೇ ಇದೆಯಲ್ಲ.

ಈ ಕಾಲಿನ ಕಷ್ಟಕ್ಕೆ ಲಿಯೊನಾರ್ಡೊ ಡಾ ವಿಂಚಿಯಂಥವನೂ ಸೋತಿದ್ದಾನೆ. ಮಿಲಾನಿನ ಸ್ಫೋರ್ಜಾ ಮನೆತನಕ್ಕೆ ಕಂಚಿನ ಮಹಾಕುದುರೆ ಮಾಡಿಕೊಡಲು ಒಪ್ಪಿಕೊಂಡು, ಮೊದಲು ಹಿಂಗಾಲಲ್ಲಿ ಎದ್ದ ಕುದುರೆ ಯೋಚಿಸಿದ. ಆಮೇಲೆ ಅದು ಕೈಗೂಡದೆ ನಡೆಯುವ ಕುದುರೆಗೆ ಇಳಿದ. 1493ರಲ್ಲಿ ಏಳು ಮೀಟರಿಗೂ ಎತ್ತರದ ಜೇಡಿಯ ಮಾದರಿ ಸಿದ್ಧವಾಯಿತು. ಎರಕಕ್ಕೆ ಇಟ್ಟ ಕಂಚು ಮರುವರ್ಷ ಫಿರಂಗಿ ಮಾಡಲು ಹೋಯಿತು. 1499ರಲ್ಲಿ ಊರು ಹಿಡಿದ ಫ್ರೆಂಚ್ ಸೈನಿಕರು ಆ ಜೇಡಿ ಕುದುರೆಗೆ ಗುರಿಯಿಟ್ಟು ಬಾಣ ಬಿಟ್ಟು ಹಾಳು ಮಾಡಿದರು. ಎರಕ ಆಗುವವರೆಗೂ ಜೇಡಿಯನ್ನು ಜೋಪಾನ ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗಂತೂ ಗೊತ್ತಿಲ್ಲ.

ತಂತಿ ಮತ್ತು ಜೇಡಿ

ಕೆಲಸ ಶುರುವಾಗುವುದು ಕಾಗದದ ಮೇಲೆ. ಮಾದರಿಯ ಅಳತೆಗೇ ಸರಿಯಾಗಿ ಎಲುಬಿನ ಚಿತ್ರ ಬರೆದು, ಅದರ ಮೇಲೆ ಅಲ್ಯೂಮಿನಿಯಂ ತಂತಿ ಇಟ್ಟು ಬಗ್ಗಿಸುತ್ತಾರೆ. ಬೆನ್ನಿಗೆ ಒಂದು, ಕಾಲಿಗೆ ಒಂದೊಂದು. ಪ್ರತಿ ಕೀಲಿಗೂ ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು. ನಿಯಮ ಒಂದೇ: ತಂತಿ ಗುರುತಿನಲ್ಲಿ ಮಾತ್ರ ಬಗ್ಗಬೇಕು, ನಡುವೆ ಎಲ್ಲೂ ಅಲ್ಲ. ಎಲುಬು ಬಗ್ಗುವುದಿಲ್ಲವಲ್ಲ. ಕತ್ತಿನಲ್ಲಿ ಇನ್ನೊಂದು ಮೋಸ ಇದೆ. ತಂತಿಯನ್ನು ಜೂಲು ಇರುವ ಮೇಲಂಚಿನಲ್ಲಿ ಓಡಿಸಬೇಕು ಅನ್ನಿಸುತ್ತದೆ. ಕತ್ತಿನ ಏಳು ಎಲುಬುಗಳು ತಲೆಯ ಹತ್ತಿರ ಮೇಲಿದ್ದು, ಹೆಗಲಿನ ಹತ್ತಿರ ಬರುವಾಗ ಕತ್ತಿನ ಕೆಳಭಾಗಕ್ಕೆ ಇಳಿದಿರುತ್ತವೆ.

ಹೊಟ್ಟೆಯ ಜಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಕಟ್ಟಿ ತುಂಬುತ್ತಾರೆ. ಜೇಡಿ ಉಳಿಯುತ್ತದೆ, ತೂಕವೂ ಕಡಿಮೆ.

ಜೇಡಿ ಅಂದರೆ ಕುಂಬಾರರ ಮಣ್ಣಲ್ಲ. ಅದು ಒಣಗಿದಾಗ ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ, ಹಾಗಾಗಿ ಕಾಲಿನಲ್ಲಿ ಬಿರುಕು ಗ್ಯಾರಂಟಿ. ಎಣ್ಣೆ ಸೇರಿಸಿದ ಜೇಡಿ ಎಂದೂ ಒಣಗುವುದಿಲ್ಲ, ತಿಂಗಳುಗಟ್ಟಲೆ ತಿದ್ದುತ್ತಾ ಕೂರಬಹುದು. ಆದರೆ ಬೆರಳು ತಾಗಿದರೆ ಕಿವಿ ಹೋಯಿತು. ಓವನ್‌ನಲ್ಲಿ ಸುಮಾರು 130 ಡಿಗ್ರಿಗೆ ಬೇಯಿಸುವ ಪಾಲಿಮರ್ ಜೇಡಿ ಇದೆ. ಮೂರನೆಯದು ಎಪಾಕ್ಸಿ ಜೇಡಿ. ನಲ್ಲಿ ಸೋರಿದಾಗ ಎರಡು ಬಣ್ಣದ ತುಂಡು ಕಲಸಿ ಮೆತ್ತುವ ಎಂ-ಸೀಲ್ ಗೊತ್ತಲ್ಲ, ಅದರ ನಯವಾದ ಅಣ್ಣ. ಎರಡು ಭಾಗ ಸಮಸಮ ಕಲಸಿದರೆ ಒಂದೆರಡು ಗಂಟೆ ಮೆತ್ತಗಿದ್ದು, ಒಂದು ದಿನದಲ್ಲಿ ಕಲ್ಲಾಗುತ್ತದೆ. ಕಲ್ಲಾದ ಮೇಲೂ ಉಜ್ಜಬಹುದು, ಕೊರೆಯಬಹುದು, ಮೇಲೆ ಹೊಸ ಪದರ ಹಾಕಬಹುದು. ಮಾದರಿ ಕುದುರೆಯವರಿಗೆ ಇದೆಂದರೆ ಪ್ರೀತಿ. ಕಾರಣ ಮತ್ತೆ ಕಾಲು. ಇವತ್ತು ಒಂದು ಕಾಲು ಮುಗಿಸಿ ಗಟ್ಟಿ ಮಾಡಿಕೊಂಡರೆ, ನಾಳೆ ಅದನ್ನೇ ಹಿಡಿದುಕೊಂಡು ಇನ್ನೊಂದು ಕಾಲು ಮಾಡಬಹುದು.

ತಲೆ ಕೊನೆಗೆ ಬರುತ್ತದೆ. ಮುಖದ ಮೇಲೆ ಚರ್ಮ ನೇರ ಎಲುಬಿಗೇ ಅಂಟಿದಂತಿರುತ್ತದೆ, ಹಾಗಾಗಿ ಅಲ್ಲಿ ಗೆರೆ ಚೂಪಾಗಿರಬೇಕು. ಮೂತಿ, ಮೂಗಿನ ಹೊಳ್ಳೆ ಮೆತ್ತಗೆ. ನನ್ನ ಮೊದಲ ಕುದುರೆಯ ಎರಡೂ ಕಣ್ಣು ಮುಂದಕ್ಕೆ ನೋಡುತ್ತಿದ್ದವು. ಬೆಕ್ಕಿಗೆ ಕುದುರೆಯ ಮುಖವಾಡ ಹಾಕಿದಂತಿತ್ತು. ಬೇಟೆಯಾಡುವ ಪ್ರಾಣಿಗೆ ಕಣ್ಣು ಮುಂದೆ, ಬೇಟೆಯಾಗುವ ಪ್ರಾಣಿಗೆ ಪಕ್ಕದಲ್ಲಿ. ಪಾಪೆಯೂ ಅಡ್ಡ ಉದ್ದ. ಕಿವಿಯಲ್ಲಿ ತಳಿಯ ಗುರುತೇ ಇದೆ. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳ ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವಂತಿರುತ್ತವೆ.

ರಕ್ತನಾಳ ಕೆತ್ತುವ ಆಸೆ ಎಲ್ಲರಿಗೂ ಬರುತ್ತದೆ. ಮಾದರಿಯ ಮೇಲೆ 1 ಮಿಲಿಮೀಟರ್ ಅಗಲದ ನಾಳ ನಿಜ ಕುದುರೆಯಲ್ಲಿ 9 ಮಿಲಿಮೀಟರ್ ಆಗುತ್ತದೆ ಅನ್ನುವುದು ನೆನಪಿದ್ದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಮೈಮೇಲಿನ ಕೂದಲನ್ನಂತೂ ಕೆತ್ತಲೇಬಾರದು.

ಅಚ್ಚು

ಇಲ್ಲಿಗೆ ಅರ್ಧ ಕೆಲಸ. ಇನ್ನು ಈ ಮೂಲದಿಂದ ಅಚ್ಚು ತೆಗೆಯಬೇಕು. ಅನುಭವ ಇದ್ದವರು ಅಚ್ಚಿನ ಯೋಚನೆಯನ್ನು ತಂತಿ ಬಗ್ಗಿಸುವ ದಿನವೇ ಮಾಡಿರುತ್ತಾರೆ. ಗಾಳಿಗೆ ಹಾರುವ ಜೂಲಿನ ಎಳೆ ಕತ್ತಿನಿಂದ ದೂರ ನಿಂತರೆ ಚೆಂದವೇ. ಆದರೆ ಆ ಸಂದಿನಲ್ಲಿ ರಬ್ಬರು ತೂರಿಕೊಳ್ಳುತ್ತದೆ, ಎಳೆಯುವಾಗ ಹರಿಯುತ್ತದೆ. ಎಲ್ಲಿ ಎಳೆಯನ್ನು ಕತ್ತಿಗೆ ಅಂಟಿಸಬೇಕು, ಎಲ್ಲಿ ಬಿಡಬೇಕು ಅನ್ನುವುದು ಕಲೆಯ ಪ್ರಶ್ನೆಯ ಹಾಗೆ ಕಂಡರೂ ಅರ್ಧಪಾಲು ಅಚ್ಚಿನ ಪ್ರಶ್ನೆ.

ಸಿಲಿಕೋನ್ ರಬ್ಬರಿನಲ್ಲಿ ಎರಡು ಜಾತಿ. ತವರ ಸೇರಿಸಿ ಗಟ್ಟಿಯಾಗುವುದು ಅಗ್ಗ, ಆದರೆ ಕಾಲ ಕಳೆದ ಹಾಗೆ ಒಂಚೂರು ಕುಗ್ಗುತ್ತದೆ. ಪ್ಲಾಟಿನಂ ಸೇರಿಸಿ ಗಟ್ಟಿಯಾಗುವುದು ಅಷ್ಟಾಗಿ ಕುಗ್ಗುವುದಿಲ್ಲ, ಆದರೆ ಮಹಾ ಮಡಿವಂತ. ಗಂಧಕ ಸೋಕಿದರೆ ಸಾಕು, ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಕೆಲವು ಎಣ್ಣೆ ಜೇಡಿಗಳಲ್ಲಿ ಗಂಧಕ ಇರುತ್ತದೆ. ಲೇಟೆಕ್ಸ್ ಕೈಗವಸಿನ ಸೋಂಕೂ ಆಗದು, ನೈಟ್ರೈಲ್ ಗವಸು ಬೇಕು. ತಿಂಗಳುಗಟ್ಟಲೆ ಕೆತ್ತಿದ ಕುದುರೆಯ ಮೇಲೆ ಅಂಟು ಲೋಳೆ ಕೂತರೆ ಅಳು ಬರುತ್ತದೆ. ಅದೇ ಜೇಡಿಯ ಒಂದು ಉಂಡೆಯ ಮೇಲೆ ಚಮಚದಷ್ಟು ರಬ್ಬರು ಹಾಕಿ ಒಂದು ದಿನ ಕಾಯುವುದಕ್ಕೆ ಖರ್ಚು ಏನೂ ಇಲ್ಲ.

ಗಣೇಶನ ಮೂರ್ತಿಗೆ ಹಿಂದೆ ಒಂದು, ಮುಂದೆ ಒಂದು ಅಂತ ಎರಡು ಹೋಳಿನ ಅಚ್ಚು ಸಾಕು. ಕುದುರೆಗೆ ಸಾಕಾಗುವುದಿಲ್ಲ. ಬೆನ್ನಿನ ನಡುಗೆರೆಯಲ್ಲಿ ಎರಡು ಹೋಳು ಮಾಡಿದೆವು ಅಂತಿಟ್ಟುಕೊಳ್ಳಿ. ಎಡಗಾಲಿನ ಹೊರಮೈಯೂ ಎಡ ಹೋಳಿನಲ್ಲಿ, ಒಳಮೈಯೂ ಎಡ ಹೋಳಿನಲ್ಲಿ. ಅಂದರೆ ಕಾಲು ರಬ್ಬರಿನ ಕೊಳವೆಯೊಳಗೆ ಸಿಕ್ಕಿಕೊಂಡಿತು, ಪಕ್ಕಕ್ಕೆ ಎಳೆದರೆ ಬರುವುದಿಲ್ಲ. ಅದಕ್ಕೆ ಕೂಡುಗೆರೆ ಪ್ರತಿ ಕಾಲಿನ ಮುಂದಿನ ಅಂಚಿನಲ್ಲೂ ಹಿಂದಿನ ಅಂಚಿನಲ್ಲೂ ಇಳಿಯಬೇಕು. ಕಾಲುಗಳ ನಡುವಿನ ಖಾಲಿ ಜಾಗಕ್ಕೆ ಮೂರನೆಯದೊಂದು ತುಂಡು ಬೇಕು. ಇನ್ನು ಕೆಲವರು ಇಡೀ ಕುದುರೆಯನ್ನು ಒಂದೇ ರಬ್ಬರ್ ಗಟ್ಟಿಯೊಳಗೆ ಮುಳುಗಿಸಿ, ಗಟ್ಟಿಯಾದ ಮೇಲೆ ಚೂಪಾದ ಬ್ಲೇಡಿನಿಂದ ಕೂಡುಗೆರೆಯುದ್ದಕ್ಕೂ ಸೀಳುತ್ತಾರೆ. ನೇರವಾಗಿ ಅಲ್ಲ, ಹಾವಿನ ಹಾಗೆ ಅಂಕುಡೊಂಕಾಗಿ. ಮತ್ತೆ ಮುಚ್ಚುವಾಗ ಆ ಡೊಂಕುಗಳೇ ಸರಿಯಾದ ಜಾಗಕ್ಕೆ ಕೂರಿಸುತ್ತವೆ.

ಹೋಳು ಹೋಳಾಗಿ ಮಾಡುವುದಾದರೆ ಮೊದಲ ಹೋಳು ಗಟ್ಟಿಯಾದ ಮೇಲೆ ಎರಡನೆಯದನ್ನು ಸುರಿಯುವ ಮುನ್ನ ನಡುವೆ ಬಿಡುಗಡೆಯ ಲೇಪನ ಹಚ್ಚಲೇಬೇಕು. ಸಿಲಿಕೋನ್ ಬೇರೆ ಹೆಚ್ಚಿನ ವಸ್ತುಗಳಿಗೆ ಅಂಟುವುದಿಲ್ಲ, ತನ್ನ ಜಾತಿಗೆ ಮಾತ್ರ ಬಿಡದೆ ಅಂಟುತ್ತದೆ. ಲೇಪನ ಮರೆತರೆ ಕುದುರೆ ಒಳಗೇ ಸಮಾಧಿ.

ಸುರಿಯುವುದಕ್ಕೂ ಒಂದು ರೀತಿ ಇದೆ. ಪೆಟ್ಟಿಗೆಯ ಒಂದೇ ಮೂಲೆಗೆ, ಎತ್ತರದಿಂದ, ನೂಲಿನಂಥ ಧಾರೆಯಾಗಿ ಬಿಡಬೇಕು. ಧಾರೆ ಸಣ್ಣಗಾದಾಗ ಒಳಗಿನ ಗುಳ್ಳೆಗಳು ಒಡೆಯುತ್ತವೆ, ರಬ್ಬರು ತಾನಾಗಿ ಏರಿ ಕುದುರೆಯನ್ನು ಮುಳುಗಿಸುತ್ತದೆ. ದೋಸೆ ಹಿಟ್ಟು ಸುರಿದ ಹಾಗೆ ನೇರ ಬೆನ್ನ ಮೇಲೆ ಹೊಯ್ದರೆ ಹೊಟ್ಟೆಯ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಎಣ್ಣೆ ಜೇಡಿಯ ಮೂಲ ಅಚ್ಚಿನಿಂದ ಹೊರಬರುವಾಗ ಹಾಳಾಗುವುದೇ ಜಾಸ್ತಿ. ಅದಕ್ಕೆ ಮೊದಲ ಎರಕವನ್ನೇ ಹೊಸ ಮೂಲ ಅಂತ ಇಟ್ಟುಕೊಂಡು, ಅದನ್ನು ಉಜ್ಜಿ ತಿದ್ದಿ, ಅದರಿಂದ ಮತ್ತೆ ಅಚ್ಚು ಮಾಡುತ್ತಾರೆ.

ಎರಕ

ಪಾಲಿಯುರೆಥೇನ್ ರೆಸಿನ್ ಎರಡು ಬಾಟಲಿಯಲ್ಲಿ ಬರುತ್ತದೆ. ಎರಡನ್ನೂ ಕಲಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಬೇಗ ಗಟ್ಟಿಯಾಗುವ ಬಗೆಯಲ್ಲಿ ಕೈಯಲ್ಲಿರುವುದು ಮೂರು ನಿಮಿಷ. ಅಷ್ಟರೊಳಗೆ ಕಲಸಿ, ಸುರಿದು, ಅಚ್ಚು ಅಲ್ಲಾಡಿಸಿ ಮುಗಿಸಬೇಕು. ಮೈ ಬಿಸಿಯಾಗಿ, ಪಾರದರ್ಶಕವಾಗಿದ್ದದ್ದು ನೋಡನೋಡುತ್ತಾ ಬೆಳ್ಳಗಾಗುತ್ತದೆ. ಮೊದಲ ಸಲ ನೋಡಿದಾಗ ಮ್ಯಾಜಿಕ್ ಅನ್ನಿಸುತ್ತದೆ.

ಅಚ್ಚನ್ನು ತಲೆಕೆಳಗಾಗಿ, ಗೊರಸು ಮೇಲಾಗಿ ಇಡುತ್ತಾರೆ. ಒಂದು ಗೊರಸಿನಿಂದಲೋ ಹೊಟ್ಟೆಯಿಂದಲೋ ರೆಸಿನ್ ಒಳಗೆ ಹೋಗುತ್ತದೆ, ಉಳಿದ ಗೊರಸುಗಳಿಂದ ಗಾಳಿ ಹೊರಗೆ. ರೆಸಿನ್ ಹೋದ ದಾರಿಯಲ್ಲೇ ಗಟ್ಟಿಯಾದ ತುಂಡನ್ನು ಕತ್ತರಿಸಿದ ಗುರುತು ಗೊರಸಿನ ಅಡಿಯಲ್ಲಿ ಉಳಿದರೆ ಯಾರಿಗೂ ಕಾಣುವುದಿಲ್ಲ. ಕಾಲು ಹೀಗೆ ಒಂದು ಸಲವಾದರೂ ಉಪಕಾರಕ್ಕೆ ಬಂತು. ತೊಂದರೆ ಇರುವುದು ಕೆಳಗೆ ಹೋದ ಕಿವಿಗಳಲ್ಲಿ. ಅವು ಕುರುಡು ಓಣಿಗಳು, ಗಾಳಿ ಹೋಗಲು ದಾರಿಯಿಲ್ಲ. ಅಚ್ಚಿನೊಳಗೆ ಮೊದಲೇ ಟಾಲ್ಕಂ ಪೌಡರ್ ಧೂಳು ಹಾಕಿ ಕೊಡವಿದರೆ ರೆಸಿನ್ ಮೂಲೆಗೆ ಎಳೆದುಕೊಳ್ಳುತ್ತದೆ.

ಉಳಿದ ಗುಳ್ಳೆಗಳಿಗೆ ಒತ್ತಡದ ಡಬ್ಬಿ. ಅಚ್ಚನ್ನು ಅದರೊಳಗಿಟ್ಟು ಒತ್ತಡದ ಅಳತೆಯಾದ ಪಿಎಸ್‌ಐ ಲೆಕ್ಕದಲ್ಲಿ 60ರವರೆಗೆ ಗಾಳಿ ತುಂಬಿದರೆ ಗುಳ್ಳೆ ಐದನೇ ಒಂದು ಭಾಗಕ್ಕೆ ಕುಗ್ಗಿ, ಕಣ್ಣಿಗೆ ಕಾಣದಂತಾಗುತ್ತದೆ. ಹಾಗಂತ ಮನೆಯ ಕುಕ್ಕರಿಗೆ ಕಂಪ್ರೆಸರ್ ಜೋಡಿಸಬೇಡಿ. ಅದು ಸುಮಾರು 15 ಪಿಎಸ್‌ಐಗೆ ಸೀಟಿ ಹೊಡೆಯಲು ಮಾಡಿದ ಪಾತ್ರೆ. ಅದರ ನಾಲ್ಕು ಪಟ್ಟು ತುಂಬಿದರೆ ಬಾಂಬ್.

ರೆಸಿನ್ನಿನ ದೊಡ್ಡ ಶತ್ರು ತೇವ. ಅದರ ಒಂದು ಭಾಗದಲ್ಲಿರುವ ಐಸೊಸಯನೇಟ್ ನೀರು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಜುಲೈನಲ್ಲಿ ಬೆಂಗಳೂರಿನ ಜಡಿಮಳೆಯ ದಿನ, ಅರ್ಧ ಖಾಲಿಯಾದ ಹಳೇ ಬಾಟಲಿಯಿಂದ, ಮರದ ಕಡ್ಡಿಯಲ್ಲಿ ಕಲಸಿ ಹೊಯ್ದ ನನ್ನ ಒಂದು ಕುದುರೆ ಗೊರಸಿನ ತೂತಿನಿಂದ ಹುದುಗಿದ ಹಿಟ್ಟಿನ ಹಾಗೆ ಉಕ್ಕಿ ಬಂತು. ತಪ್ಪು ಮಳೆಯದ್ದಷ್ಟೇ ಅಲ್ಲ, ಮರದ ಕಡ್ಡಿಯೂ ತೇವ ಹೀರಿಕೊಂಡಿರುತ್ತದೆ. ಪ್ಲಾಸ್ಟಿಕ್ ಕಡ್ಡಿ, ಗಾಳಿಯಾಡದ ಮುಚ್ಚಳ, ಬಿಸಿಲಿದ್ದ ದಿನ. ಆ ಹೊಗೆ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಕಿಟಕಿ ತೆರೆದು, ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಬೇಕು.

ಸುರಿಯುವ ಮೊದಲು ನಾಲ್ಕೂ ಕಾಲಿನ ಅಚ್ಚಿನೊಳಗೆ ಹಿತ್ತಾಳೆಯ ಅಥವಾ ಉಕ್ಕಿನ ತಂತಿ ಇಡುತ್ತಾರೆ. ಬರೀ ರೆಸಿನ್ನಿನ ಪೆನ್ಸಿಲ್ ಕಾಲು ಮೈಯ ಭಾರ ಹೊರಬಲ್ಲದು, ಪೆಟ್ಟು ತಡೆಯಲಾರದು. ದೊಡ್ಡ ಅಳತೆಯ ಕುದುರೆಗೆ ಮೈಯನ್ನು ಟೊಳ್ಳು ಮಾಡುವುದೂ ಉಂಟು. ರೆಸಿನ್ ಸ್ವಲ್ಪವೇ ಹಾಕಿ ಅಚ್ಚನ್ನು ಎಲ್ಲ ಕಡೆ ತಿರುಗಿಸುತ್ತಿದ್ದರೆ ಗೋಡೆಗೆ ಪದರವಾಗಿ ಕೂರುತ್ತದೆ.

ರೆಸಿನ್ ಗಟ್ಟಿಯಾಗುವಾಗ ತೀರಾ ಸ್ವಲ್ಪ ಕುಗ್ಗುತ್ತದೆ. ಒಂದು ಎರಕಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಯಾರೋ ಒಬ್ಬರ ರೆಸಿನ್ ಕುದುರೆ ಕೊಂಡು, ಅದಕ್ಕೇ ಅಚ್ಚು ಹಾಕಿ ಕದ್ದು ಮಾರುವವರು ಇದ್ದಾರೆ. ಅವರ ಕುದುರೆ ಅಸಲಿಗಿಂತ ಒಂಚೂರು ಚಿಕ್ಕದಾಗಿರುತ್ತದೆ, ಗೆರೆಗಳು ಮಬ್ಬಾಗಿರುತ್ತವೆ. ಪಕ್ಕಪಕ್ಕ ಇಟ್ಟು ಅಳೆದರೆ ಕಳ್ಳತನ ಸಿಕ್ಕಿಬೀಳುತ್ತದೆ.

ಅಚ್ಚಿನಿಂದ ಬಂದ ಕುದುರೆಯ ಮೈಯುದ್ದಕ್ಕೂ ಕೂಡುಗೆರೆಯ ಸಣ್ಣ ಏಣು ಇರುತ್ತದೆ. ಅದನ್ನು ನೀರಿನಲ್ಲಿ ಅದ್ದಿದ ಮರಳು ಕಾಗದದಿಂದ ಉಜ್ಜಬೇಕು. ಒಣದಾಗಿ ಉಜ್ಜಿದರೆ ಆ ಧೂಳು ಮೂಗಿಗೆ ಹೋಗುತ್ತದೆ. ಬೂದು ಪ್ರೈಮರ್ ಹೊಡೆದ ತಕ್ಷಣ ಕಾಣದಿದ್ದ ತೂತುಗಳೆಲ್ಲ ಎದ್ದು ಬರುತ್ತವೆ, ಮತ್ತೆ ಎಪಾಕ್ಸಿ ತುಂಬು, ಮತ್ತೆ ಉಜ್ಜು.

ಬಣ್ಣಕ್ಕೆ ಕೊಡುವ ಮುಂಚೆ ಒಂದು ಪರೀಕ್ಷೆ. ಕುದುರೆಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ನೆಲಕ್ಕೆ ಊರಿರಬೇಕಾದ ಪ್ರತಿ ಗೊರಸಿನ ಅಡಿಗೂ ತೆಳು ಕಾಗದ ತೂರಿಸಿ ನೋಡುತ್ತಾರೆ. ಅಚ್ಚಿನಿಂದ ಬೇಗ ತೆಗೆದ ಕಾಲು, ಮೇ ತಿಂಗಳಲ್ಲಿ ಕಿಟಕಿ ಮುಚ್ಚಿದ ಕಾರಿನಲ್ಲಿ ಕೂತು ಬಂದ ಕಾಲು, ಮೆಲ್ಲಗೆ ಬಾಗಿಕೊಂಡಿರುತ್ತದೆ. ಕಾಗದ ಸಲೀಸಾಗಿ ತೂರಿತೋ, ಒಂದು ಪಾತ್ರೆಯಲ್ಲಿ ನೀರು ಕಾಯಿಸಿ ಆ ಕಾಲನ್ನಷ್ಟೇ ಅದ್ದುವುದು. ರೆಸಿನ್ ಮೆತ್ತಗಾದ ಮೇಲೆ ಬೆರಳಿನಿಂದ ನಿಧಾನಕ್ಕೆ ಸರಿಮಾಡಿ, ತಣ್ಣೀರಿಗೆ ಹಿಡಿದು, ಮತ್ತೆ ಗಾಜಿನ ಮೇಲೆ ನಿಲ್ಲಿಸಿ, ಕಾಗದ ತೂರಿಸುವುದು.